ಕೆಲಸ ಮಾಡಿ ಊಟ-ವಸತಿ ಪಡೆದು ಪೂರ್ವ ಆಫ್ರಿಕಾದಲ್ಲಿ ಮೂರು ತಿಂಗಳು: ಯಾವುದು ಮೊದಲು, ಯಾವುದು ಆಮೇಲೆ

ನನಗೆ ಬರುವ ಮೆಸೇಜುಗಳಲ್ಲಿ ಹತ್ತಕ್ಕೆ ಎಂಟು ಹೀಗೇ ಇರುತ್ತವೆ: "ನೈರೋಬಿಗೆ ಟಿಕೆಟ್ ಆಗಿದೆ, ಇಟಿಎ (ಒಳಗೆ ಬರಲು ಆನ್‌ಲೈನಿನಲ್ಲಿ ಕೊಡುವ ಅನುಮತಿ) ಬಂದಿದೆ. ಈಗ ಊಟ-ವಸತಿ ಕೊಟ್ಟು ಕೆಲಸಕ್ಕೆ ಇಟ್ಟುಕೊಳ್ಳುವವರು ಯಾರಾದ್ರೂ ಇದ್ದರೆ ಹೇಳಿ." ಹುಡುಗಿ ನೋಡುವ ಮೊದಲೇ ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ಹಾಗೆ ಇದು. ಟಿಕೆಟ್ ತಾರೀಕು ಹತ್ತಿರ ಬಂದಂತೆ ಗಾಬರಿ ಶುರುವಾಗುತ್ತದೆ. ಆಗ ಯಾರು "ಬನ್ನಿ" ಅಂದರೂ ಹೋಗಿಬಿಡುತ್ತಾರೆ. ಮೋಸ ಹೋಗುವುದು ಅಲ್ಲೇ.

ಕ್ರಮ ಹೀಗಿರಲಿ: ಕೆಲಸ ಯಾವುದೆಂದು ಗೊತ್ತು ಮಾಡಿಕೊಳ್ಳಿ, ಪರ್ಮಿಟ್ ವಿಷಯ ತಿಳಿಯಿರಿ, ಹೋಸ್ಟ್ ಅಂದರೆ ಕೆಲಸಕ್ಕೆ ಇಟ್ಟುಕೊಂಡು ಊಟ-ವಸತಿ ಕೊಡುವವರನ್ನು ಹುಡುಕಿ, ಪರೀಕ್ಷೆ ಮಾಡಿ, ಬರವಣಿಗೆಯಲ್ಲಿ ಒಪ್ಪಂದ ತೆಗೆದುಕೊಳ್ಳಿ, ಲಸಿಕೆ ಹಾಕಿಸಿಕೊಳ್ಳಿ. ಟಿಕೆಟ್ ಕೊನೆಗೆ. ಇದಕ್ಕೆಲ್ಲ ನಾಲ್ಕು ತಿಂಗಳು ಇಟ್ಟುಕೊಳ್ಳಿ. ಆಫ್ರಿಕಾ ಅಂದರೆ ಐವತ್ತಕ್ಕೂ ಹೆಚ್ಚು ದೇಶ. ಎಲ್ಲದಕ್ಕೂ ಒಂದೇ ನಿಯಮ ಹೇಳಲು ಆಗುವುದಿಲ್ಲ. ಹಾಗಾಗಿ ನಮ್ಮವರು ಜಾಸ್ತಿ ಹೋಗುವ ಕೀನ್ಯಾ, ತಾಂಜಾನಿಯಾ, ಉಗಾಂಡಾ ಈ ಮೂರಕ್ಕೆ ಮಾತ್ರ ಬರೆಯುತ್ತಿದ್ದೇನೆ.

ಮೊದಲು ಕೈಯಲ್ಲಿ ಇರಬೇಕಾದ್ದು

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು, ಖಾಲಿ ಪುಟಗಳೂ ಬೇಕು. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ತೆಗೆಸಿಡಿ. ಶುಲ್ಕ 500 ರೂಪಾಯಿ. ಮಕ್ಕಳ ಜೊತೆ ಕೆಲಸವಿದ್ದರೆ ಒಳ್ಳೆಯ ಸಂಸ್ಥೆಗಳು ಇದನ್ನು ಕೇಳಿಯೇ ಕೇಳುತ್ತವೆ. ಓದಿನ, ಕೆಲಸದ ಅನುಭವದ ಪತ್ರಗಳನ್ನು ಸ್ಕ್ಯಾನ್ ಮಾಡಿಡಿ. ಪರ್ಮಿಟ್ ಅರ್ಜಿಗೆ ಬೇಕಾಗುತ್ತವೆ.

ಜೊತೆಗೆ ದುಡ್ಡು. ವಸತಿ ಫ್ರೀ ಅಂದ ಮಾತ್ರಕ್ಕೆ ಪ್ರವಾಸ ಫ್ರೀ ಆಗುವುದಿಲ್ಲ. ಪರ್ಮಿಟ್, ಲಸಿಕೆ, ವಿಮೆ, ವಿಮಾನ, ಒಳಗಿನ ಬಸ್ಸು ಎಲ್ಲ ನಿಮ್ಮದೇ ಖರ್ಚು. ಇದರ ಮೇಲೆ ಒಂದು ಮೊತ್ತವನ್ನು ಮುಟ್ಟದೆ ಇಡಿ: ಹೋಸ್ಟ್ ಮನೆಯಿಂದ ಅದೇ ರಾತ್ರಿ ಹೊರಟು, ಎರಡು ವಾರ ಲಾಡ್ಜಿನಲ್ಲಿದ್ದು, ಟಿಕೆಟ್ ಬದಲಿಸಿ ಊರಿಗೆ ಬರುವಷ್ಟು. ಅಷ್ಟಿಲ್ಲದಿದ್ದರೆ ಇನ್ನೊಂದು ವರ್ಷ ಕಾಯಿರಿ. ಕೈಯಲ್ಲಿ ದುಡ್ಡಿಲ್ಲದವರು ಕೆಟ್ಟ ಜಾಗದಲ್ಲೂ ಹಲ್ಲು ಕಚ್ಚಿಕೊಂಡು ಇರಬೇಕಾಗುತ್ತದೆ.

ಹಂತ 1: ನಿಮಗೆ ಏನು ಬರುತ್ತದೆ ಅಂತ ಪಟ್ಟಿ ಮಾಡಿ

"ಏನು ಕೆಲಸ ಕೊಟ್ಟರೂ ಮಾಡುತ್ತೇನೆ" ಅನ್ನುವವರಿಗೆ ಉತ್ತರ ಬರುವುದು ಕಡಿಮೆ. ಕಸ ಗುಡಿಸುವುದಕ್ಕೆ, ಕಾಳು ಆರಿಸುವುದಕ್ಕೆ ಅಲ್ಲಿ ಜನರಿದ್ದಾರೆ. ಅವರಿಗೂ ಕೆಲಸ ಬೇಕಾಗಿದೆ. ನಿಮ್ಮನ್ನು ಕರೆಸಿಕೊಂಡು ಊಟ ಹಾಕಬೇಕಾದರೆ ಅಲ್ಲಿ ಸುಲಭಕ್ಕೆ ಸಿಗದ ಏನೋ ಒಂದು ನಿಮ್ಮ ಹತ್ತಿರ ಇರಬೇಕು, ಅಲ್ವಾ?

ಕೂತು ಬರೆಯಿರಿ. ಹನಿ ನೀರಾವರಿ ಪೈಪು ಜೋಡಿಸಿದ್ದೀರಾ? ಸೋಲಾರ್ ಪ್ಯಾನೆಲ್ ರಿಪೇರಿ ಬರುತ್ತದಾ? ಹೊಲಿಗೆ, ಜೇನು ಸಾಕಣೆ, ಎಕ್ಸೆಲ್‌ನಲ್ಲಿ ಲೆಕ್ಕ, ವೆಬ್‌ಸೈಟ್, ಫೋಟೋ, ವಿಡಿಯೋ ಎಡಿಟಿಂಗ್? ಮಲೆನಾಡಿನಲ್ಲಿ ಕಾಫಿ ತೋಟ ನೋಡಿಕೊಂಡ ಅನುಭವವಿದ್ದರೆ ಅದನ್ನು ಮೊದಲ ಸಾಲಿನಲ್ಲಿ ಹಾಕಿ. ಮೂರೂ ದೇಶಗಳಲ್ಲಿ ಕಾಫಿ ಬೆಳೆಯುತ್ತಾರೆ.

ಆಮೇಲೆ ದಾರಿ ಆರಿಸಿಕೊಳ್ಳಿ. ಹಾಸ್ಟೆಲ್, ತೋಟ, ಹೋಮ್‌ಸ್ಟೇಗಳಲ್ಲಿ ದಿನಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಐದು ದಿನ ಕೆಲಸ, ಬದಲಿಗೆ ಊಟ-ಹಾಸಿಗೆ. ಇದು ಒಂದು. ನೋಂದಣಿಯಾದ ಸಂಸ್ಥೆಯಲ್ಲಿ ಕೆಲವು ತಿಂಗಳು ಸ್ವಯಂಸೇವೆ, ಇದು ಎರಡು. ಅನುಭವಿಗಳಿಗೆ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ ಯುಎನ್ ವಾಲಂಟಿಯರ್ಸ್ ಇದೆ. ಅದು ಜೀವನ ಭತ್ಯೆ ಕೊಡುತ್ತದೆ, ಯಾವ ಹಂತದಲ್ಲೂ ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅದರ ಹೆಸರು ಹೇಳಿ ಯಾರಾದರೂ ದುಡ್ಡು ಕೇಳಿದರೆ ಕಳ್ಳರು. ಇನ್ನು ವಾರಕ್ಕೆ ಇಷ್ಟು ಡಾಲರ್ ಅಂತ ತೆಗೆದುಕೊಂಡು "ಸ್ವಯಂಸೇವೆ" ಮಾಡಿಸುವ ಏಜೆನ್ಸಿಗಳು. ಅದು ಪ್ಯಾಕೇಜ್ ಟೂರ್ ಅಂತ ತಿಳಿದುಕೊಂಡೇ ಹೋಗಿ, ಬೇಜಾರಾಗುವುದಿಲ್ಲ.

ಹಂತ 2: ಪರ್ಮಿಟ್. ಎಲ್ಲರೂ ಎಡವುವ ಜಾಗ

"ಸಂಬಳ ತಗೊಳ್ತಿಲ್ವಲ್ಲ, ಮತ್ಯಾಕೆ ಪರ್ಮಿಟ್?" ಇದು ನಾನು ಅತಿ ಹೆಚ್ಚು ಕೇಳಿರುವ ಪ್ರಶ್ನೆ. ಕೆಲಸ ಅಂದರೆ ಕೆಲಸ, ಸಂಬಳ ಬಂದರೂ ಬರದಿದ್ದರೂ ಅಂತ ಈ ದೇಶಗಳ ವಲಸೆ ಅಧಿಕಾರಿಗಳು ನೋಡುತ್ತಾರೆ. ಹಾಸಿಗೆ-ಊಟವನ್ನು ಪ್ರತಿಫಲ ಅಂತಲೇ ಹಿಡಿಯಬಹುದು. ಪ್ರವಾಸಿಯಾಗಿ ಒಳಗೆ ಬಂದು ಹಾಸ್ಟೆಲ್ಲಿನ ರಿಸೆಪ್ಶನ್ನಿನಲ್ಲಿ ಕೂತಿದ್ದಾಗ ಸಿಕ್ಕಿಬಿದ್ದರೆ "ನಾನು ಸುಮ್ನೆ ಸಹಾಯ ಮಾಡ್ತಿದ್ದೆ" ಅನ್ನುವ ಮಾತು ನಡೆಯುವುದಿಲ್ಲ.

ಕೀನ್ಯಾ: 2024ರ ಜನವರಿಯಿಂದ ವೀಸಾ ತೆಗೆದು ಇಟಿಎ ತಂದಿದ್ದಾರೆ. ಭಾರತೀಯರು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಶುಲ್ಕ 30 ಡಾಲರ್, ಅದರ ಮೇಲೆ ಸ್ವಲ್ಪ ಕಾರ್ಡ್ ಖರ್ಚು. ಸರ್ಕಾರದ್ದೇ ತಾಣದಂತೆ ಕಾಣುವ ದಲ್ಲಾಳಿ ತಾಣಗಳು ಇದರ ಎರಡು-ಮೂರು ಪಟ್ಟು ಕೀಳುತ್ತವೆ, ವಿಳಾಸದ ಕೊನೆಯಲ್ಲಿ ಸರ್ಕಾರಿ ಡೊಮೇನ್ (.go.ke) ಇದೆಯಾ ನೋಡಿ. ಇದರಲ್ಲಿ 90 ದಿನದವರೆಗೆ ಇರಬಹುದು. ಆದರೆ ಕೆಲಸಕ್ಕೆ ಇದು ಅನುಮತಿಯಲ್ಲ. ಕೆಲವು ತಿಂಗಳ ಕೆಲಸಕ್ಕೆ ಸ್ಪೆಷಲ್ ಪಾಸ್ ಇದೆ, ದತ್ತಿ ಮತ್ತು ಧಾರ್ಮಿಕ ಸಂಸ್ಥೆಗಳ ದೀರ್ಘ ಕೆಲಸಕ್ಕೆ 'ಐ' ವರ್ಗದ ಪರ್ಮಿಟ್ ಇದೆ. ಎರಡಕ್ಕೂ ಹೋಸ್ಟ್ ಸಂಸ್ಥೆಯ ಪತ್ರ, ಅದರ ನೋಂದಣಿ ದಾಖಲೆ ಬೇಕು. ಪರ್ಮಿಟ್ ಇಲ್ಲದೆ ಕೆಲಸ ಮಾಡಿದರೆ 2011ರ ವಲಸೆ ಕಾಯ್ದೆಯಲ್ಲಿ 5 ಲಕ್ಷ ಶಿಲ್ಲಿಂಗ್‌ವರೆಗೆ ದಂಡ, ಮೂರು ವರ್ಷದವರೆಗೆ ಜೈಲು, ಅಥವಾ ಎರಡೂ.

ತಾಂಜಾನಿಯಾ: ಸಾಮಾನ್ಯ ಪ್ರವಾಸಿ ವೀಸಾ 50 ಡಾಲರ್. ಸ್ವಯಂಸೇವಕರಿಗೆ 'ಸಿ' ವರ್ಗದ ವಾಸ ಪರ್ಮಿಟ್ ಅಂತ ಬೇರೆಯೇ ಇದೆ, ವಿದ್ಯಾರ್ಥಿಗಳು, ಸಂಶೋಧಕರು ಕೂಡ ಇದೇ ವರ್ಗಕ್ಕೆ ಬರುತ್ತಾರೆ. ಇದು ಕೈಗೆ ಬರುವವರೆಗೆ ಕೆಲಸಕ್ಕೆ ಕೈ ಹಾಕಬೇಡಿ. ಜಾಂಜಿಬಾರ್‌ಗೆ ಹೋಗುವುದಾದರೆ 2024ರ ಅಕ್ಟೋಬರ್‌ನಿಂದ ಅಲ್ಲಿನದೇ 44 ಡಾಲರಿನ ವಿಮೆ ಕಡ್ಡಾಯ, ನಿಮ್ಮ ಹತ್ತಿರ ಬೇರೆ ವಿಮೆ ಇದ್ದರೂ ಇದನ್ನು ಮಾಡಿಸಲೇಬೇಕು.

ಉಗಾಂಡಾ: ಪ್ರವಾಸಿ ಇ-ವೀಸಾ 50 ಡಾಲರ್. ಕೆಲಸಕ್ಕೆ ಬೇರೆ ಪಾಸ್ ಅಥವಾ ಪರ್ಮಿಟ್ ಬೇಕು.

ಕೆಲವರು 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ತೆಗೆದುಕೊಂಡು ಎಲ್ಲ ಆಯಿತು ಅಂದುಕೊಳ್ಳುತ್ತಾರೆ. ಅದು ಕೀನ್ಯಾ, ಉಗಾಂಡಾ, ರುವಾಂಡಾಕ್ಕೆ 90 ದಿನ ನಡೆಯುತ್ತದೆ. ತಾಂಜಾನಿಯಾ ಅದರಲ್ಲಿಲ್ಲ. ಹೆಸರಲ್ಲೇ ಇರುವಂತೆ ಅದು ಪ್ರವಾಸಕ್ಕೆ ಮಾತ್ರ.

ಶುಲ್ಕ, ನಿಯಮ ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನ ಆಯಾ ದೇಶದ ವಲಸೆ ಇಲಾಖೆಯ ತಾಣ ನೋಡಿ. ಹೋಸ್ಟ್‌ಗೆ ಬರೆಯುವಾಗ ಈ ಮೂರು ಪ್ರಶ್ನೆ ನೇರವಾಗಿ ಕೇಳಿ: ನನಗೆ ಯಾವ ಪರ್ಮಿಟ್ ಬೇಕು? ಅರ್ಜಿ ಯಾರು ಹಾಕುತ್ತಾರೆ? ಶುಲ್ಕ ಯಾರು ಕಟ್ಟುತ್ತಾರೆ? "ಏರ್‌ಪೋರ್ಟಿನಲ್ಲಿ ಟೂರಿಸ್ಟ್ ಅಂತ ಹೇಳಿ, ಎಲ್ಲರೂ ಹಾಗೇ ಬರೋದು" ಅನ್ನುವ ಉತ್ತರ ಬಂದರೆ ಆ ಹೋಸ್ಟನ್ನು ಅಲ್ಲಿಗೇ ಕೈಬಿಡಿ. ಸಿಕ್ಕಿಬಿದ್ದ ದಿನ ಅವರು ನಿಮ್ಮ ಫೋನ್ ಎತ್ತುವುದಿಲ್ಲ.

ಹಂತ 3: ಹೋಸ್ಟ್ ಹುಡುಕಿ, ಮೆಸೇಜ್ ಸರಿಯಾಗಿ ಬರೆಯಿರಿ

ಹೋಸ್ಟ್ ಹುಡುಕಲು ಆನ್‌ಲೈನ್ ತಾಣಗಳಿವೆ: ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್, ತೋಟಗಳಿಗಾದರೆ ವೂಫ್. ಇವುಗಳಿಗೆ ಸದಸ್ಯತ್ವ ಶುಲ್ಕ ಇದೆ. ಕಟ್ಟುವ ಮೊದಲು ಉಚಿತವಾಗಿ ಎಷ್ಟು ನೋಡಲು ಬಿಡುತ್ತಾರೋ ಅಷ್ಟು ನೋಡಿ. ನಿಮಗೆ ಹೊಂದುವ ಹತ್ತು ಜಾಗವಾದರೂ ಕಂಡರೆ ಮಾತ್ರ ಕಟ್ಟಿ. ಈ ತಾಣಗಳು ಪರಿಚಯ ಮಾಡಿಸುತ್ತವೆ ಅಷ್ಟೆ. ಪರ್ಮಿಟ್ ಜವಾಬ್ದಾರಿ ನಿಮ್ಮದೇ.

ಒಂದೇ ಮೆಸೇಜನ್ನು ಮೂವತ್ತು ಜನಕ್ಕೆ ಅಂಟಿಸಿ ಕಳಿಸಬೇಡಿ. ಐದು ಜನಕ್ಕೆ ಬರೆಯಿರಿ, ಅವರು ಹಾಕಿದ್ದನ್ನು ಪೂರ್ತಿ ಓದಿ ಬರೆಯಿರಿ. ನನ್ನ ಮೊದಲ ಹನ್ನೆರಡು ಮೆಸೇಜಿಗೆ ಒಂದೂ ಉತ್ತರ ಬರಲಿಲ್ಲ. ಹದಿಮೂರನೆಯದರಲ್ಲಿ "ನಿಮ್ಮ ಫೋಟೋದಲ್ಲಿ ಟ್ಯಾಂಕಿನ ಕೆಳಗೆ ಪೈಪು ಸೋರುತ್ತಿರುವುದು ಕಾಣುತ್ತಿದೆ, ನನಗೆ ಆ ಕೆಲಸ ಬರುತ್ತದೆ" ಅಂತ ಬರೆದೆ. ಎರಡು ಗಂಟೆಯೊಳಗೆ ಉತ್ತರ ಬಂತು.

ಮೆಸೇಜಿನಲ್ಲಿ ಇರಬೇಕಾದ್ದು ಇಷ್ಟು: ಯಾವ ತಾರೀಕಿನಿಂದ ಯಾವ ತಾರೀಕಿಗೆ, ಯಾವ ಕೆಲಸ ಬರುತ್ತದೆ, ಅದನ್ನು ಎಲ್ಲಿ ಮಾಡಿದ್ದೀರಿ, ಊಟದಲ್ಲಿ ಏನು ತಿನ್ನುವುದಿಲ್ಲ, ಪರ್ಮಿಟ್ ಪ್ರಶ್ನೆ. ಹತ್ತು ಸಾಲು ಸಾಕು.

ತಿಂಗಳು ನೋಡಿ ಆರಿಸಿ. ಕೀನ್ಯಾದಲ್ಲಿ ಶಾಲೆ ಜನವರಿಗೆ ಶುರು. ಏಪ್ರಿಲ್, ಆಗಸ್ಟ್, ವರ್ಷದ ಕೊನೆಯಲ್ಲಿ ರಜೆ. ಪಾಠ ಹೇಳುತ್ತೇನೆಂದು ಡಿಸೆಂಬರಿನಲ್ಲಿ ಹೋದವರು ಖಾಲಿ ಕಟ್ಟಡ ನೋಡಿಕೊಂಡು ಬಂದಿದ್ದಾರೆ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆಗಾಲ, ಹಳ್ಳಿಯ ಮಣ್ಣುರಸ್ತೆ ಕೆಸರಾಗುತ್ತದೆ. ಕಟ್ಟಡದ ಕೆಲಸಕ್ಕೆ ಹೋಗುವವರು ಆ ಸಮಯ ಬಿಡಿ, ತೋಟದ ಕೆಲಸಕ್ಕೆ ಹೋಗುವವರಿಗೆ ಅದೇ ಒಳ್ಳೆಯದು.

ಹಂತ 4: ಹೋಸ್ಟನ್ನು ಪರೀಕ್ಷೆ ಮಾಡಿ

ವಿಡಿಯೋ ಕಾಲ್ ಇಲ್ಲದೆ ಒಪ್ಪಬೇಡಿ. ಮಲಗುವ ಕೋಣೆ, ಬಚ್ಚಲು, ಅಡುಗೆಮನೆ ತೋರಿಸಿ ಅನ್ನಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಈಚೆಗೆ ಬಂದುಹೋದ ಇಬ್ಬರ ಸಂಪರ್ಕ ಕೇಳಿ, ಅವರಿಗೆ ಬೇರೆಯಾಗಿ ಬರೆದು ಒಂದೇ ಪ್ರಶ್ನೆ ಕೇಳಿ: "ದಿನಕ್ಕೆ ನಿಜವಾಗಿ ಎಷ್ಟು ಗಂಟೆ ಕೆಲಸ ಮಾಡಿದ್ರಿ?" ಇದಕ್ಕೆ ಬರುವ ಉತ್ತರದಲ್ಲಿ ಉಳಿದದ್ದೆಲ್ಲ ಗೊತ್ತಾಗುತ್ತದೆ. ಸಂಸ್ಥೆಯಾಗಿದ್ದರೆ ನೋಂದಣಿ ಸಂಖ್ಯೆ ಕೇಳಿ.

ಇವು ಕಂಡರೆ ದೂರ ಇರಿ:

ಅನಾಥಾಶ್ರಮ. ಇದನ್ನು ಓದಿ ಕೆಲವರಿಗೆ ಬೇಸರವಾಗುತ್ತದೆ, ಗೊತ್ತು. ಅಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿರುತ್ತಾರೆ. ಹೊರದೇಶದವರು ಬಂದು ದುಡ್ಡು ಕೊಡುತ್ತಾರೆ ಅಂತಲೇ ಬಡ ಮನೆಗಳಿಂದ ಮಕ್ಕಳನ್ನು ತಂದು ತುಂಬಿಸಿಕೊಳ್ಳುವುದೂ ನಡೆದಿದೆ. ಆಸ್ಟ್ರೇಲಿಯಾ 2018ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಚರ್ಚೆಯೊಳಗೇ ತಂದಿತು. ಕೀನ್ಯಾ ಸರ್ಕಾರವೂ ಮಕ್ಕಳನ್ನು ಆಶ್ರಮಗಳಿಂದ ಕುಟುಂಬಗಳಿಗೆ ಕಳಿಸುವ ದಾರಿ ಹಿಡಿದಿದೆ. ಆರು ವಾರ ಎತ್ತಿ ಆಡಿಸಿ ಹೊರಟುಹೋಗುವ ಅಕ್ಕ-ಅಣ್ಣಂದಿರು ಆ ಮಕ್ಕಳಿಗೆ ಬೇಕಾಗಿಲ್ಲ. ಯಾವ ಪೊಲೀಸ್ ಪತ್ರವನ್ನೂ ಕೇಳದೆ ಮಕ್ಕಳ ಹತ್ತಿರ ಬಿಡುವ ಜಾಗ ನಿಮ್ಮನ್ನಷ್ಟೇ ಅಲ್ಲ, ಯಾರನ್ನು ಬೇಕಾದರೂ ಬಿಡುತ್ತದೆ.

ಸಿಂಹದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುವ "ವನ್ಯಜೀವಿ ರಕ್ಷಣೆ". ಇದು ದಕ್ಷಿಣ ಆಫ್ರಿಕಾದ ಕಡೆ ಜಾಸ್ತಿ. ಹಾಗೆ ಸಾಕಿದ ಮರಿ ಮುಂದೆ ಕಾಡಿಗೆ ಹೋಗುವುದಿಲ್ಲ, ಬೇಟೆಯ ಶೋಕಿಗೆ ಹೋಗುವುದುಂಟು.

ಡಾಕ್ಟರ್ ಆಗದವರಿಗೆ ಇಂಜೆಕ್ಷನ್ ಕೊಡಲು, ಹೊಲಿಗೆ ಹಾಕಲು ಬಿಡುವ ಕ್ಲಿನಿಕ್. ನಮ್ಮೂರಲ್ಲಿ ನಿಮಗೆ ಬಿಡದ ಕೆಲಸವನ್ನು ಅಲ್ಲೂ ಮಾಡಬೇಡಿ.

ಮುಂಗಡವಾಗಿ "ಪರ್ಮಿಟ್ ದುಡ್ಡು" ಅಂತ ಯಾರದೋ ಸ್ವಂತ ಮೊಬೈಲ್ ಖಾತೆಗೆ ಕಳಿಸಲು ಹೇಳುವವರು. ಶುಲ್ಕವಿದ್ದರೆ ಸಂಸ್ಥೆಯ ಖಾತೆಗೆ, ರಸೀದಿ ಸಮೇತ.

ಹಂತ 5: ಒಪ್ಪಂದ ಬರವಣಿಗೆಯಲ್ಲಿ

ವಕೀಲರ ಪತ್ರ ಬೇಡ, ಇಮೇಲ್ ಸಾಕು. ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಯಾವ ದಿನ ರಜೆ, ದಿನಕ್ಕೆ ಎಷ್ಟು ಸಲ ಊಟ, ರಜೆಯ ದಿನವೂ ಊಟ ಇದೆಯಾ, ಕೋಣೆ ಒಬ್ಬರಿಗಾ ಹಂಚಿಕೊಳ್ಳಬೇಕಾ, ಬೀಗ ಇದೆಯಾ, ನೀರು ನಲ್ಲಿಯದ್ದಾ ಡಬ್ಬದ್ದಾ, ಮಧ್ಯದಲ್ಲೇ ಹೊರಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು. ಇಷ್ಟನ್ನು ನೀವೇ ಬರೆದು ಕಳಿಸಿ, "ಹೌದು, ಸರಿ" ಅನ್ನುವ ಉತ್ತರ ತರಿಸಿಕೊಳ್ಳಿ. ರಜೆಯ ದಿನದ ಊಟ ಕೇಳದೆ ನಾನು ಪ್ರತಿ ಭಾನುವಾರ ಬಾಳೆಹಣ್ಣು ತಿಂದುಕೊಂಡಿದ್ದೆ.

ಹಂತ 6: ಲಸಿಕೆ, ಔಷಧಿ, ವಿಮೆ

ಹಳದಿ ಜ್ವರದ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿನಲ್ಲೂ ಇವೆ, ಮೊದಲೇ ದಿನ ಗೊತ್ತು ಮಾಡಿಕೊಂಡು ಪಾಸ್‌ಪೋರ್ಟ್ ಹಿಡಿದು ಹೋಗಬೇಕು. ಹಾಕಿಸಿಕೊಂಡ ಹತ್ತು ದಿನದ ನಂತರವೇ ಹಳದಿ ಕಾರ್ಡ್, ಅಂದರೆ ಈ ಲಸಿಕೆಯ ಪ್ರಮಾಣಪತ್ರ, ಲೆಕ್ಕಕ್ಕೆ ಬರುತ್ತದೆ. ಹೊರಡುವ ವಾರ ನೆನಪಾದವರ ಕಥೆ ಇಲ್ಲೇ ಮುಗಿಯುತ್ತದೆ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಉಗಾಂಡಾಕ್ಕೆ ಹೋಗುವಾಗಲೇ ಕಾರ್ಡ್ ಕೇಳುತ್ತಾರೆ. ಕೀನ್ಯಾ, ಉಗಾಂಡಾದಿಂದ ಭಾರತಕ್ಕೆ ವಾಪಸ್ ಬರುವಾಗ ನಮ್ಮವರೂ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಮೊಟ್ಟೆ ಅಲರ್ಜಿ ಇರುವವರು, ಗರ್ಭಿಣಿಯರು, ಅರವತ್ತು ದಾಟಿದವರು ಮೊದಲು ಡಾಕ್ಟರ್ ಜೊತೆ ಮಾತಾಡಿ.

ಮಲೇರಿಯಾ ವಿಷಯದಲ್ಲಿ "ನಮಗೆ ಸೊಳ್ಳೆ ಹೊಸದಾ?" ಅನ್ನುವ ಧೈರ್ಯ ಬೇಡ. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಮ್, ಜೀವ ತೆಗೆಯುವ ಜಾತಿ. ನೈರೋಬಿಯಲ್ಲಿ ಅಪಾಯ ಕಡಿಮೆ, ಕರಾವಳಿ ಮತ್ತು ವಿಕ್ಟೋರಿಯಾ ಸರೋವರದ ಸುತ್ತ ಜಾಸ್ತಿ. ಮೊದಲೇ ತೆಗೆದುಕೊಳ್ಳುವ ಮಾತ್ರೆ ಯಾವುದು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಡಾಕ್ಸಿಸೈಕ್ಲಿನ್ ಕೊಟ್ಟರೆ ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಸೊಳ್ಳೆಪರದೆ ತೂತಿಲ್ಲದ್ದನ್ನು ನೀವೇ ಒಯ್ಯಿರಿ.

ಸರೋವರ ಎಷ್ಟು ಚೆನ್ನಾಗಿ ಕಂಡರೂ ವಿಕ್ಟೋರಿಯಾದಲ್ಲಿ ಈಜಬೇಡಿ. ನೀರಿನ ಬಸವನಹುಳುವಿನಿಂದ ಹರಡುವ ಬಿಲ್ಹಾರ್ಜಿಯಾ ಅನ್ನುವ ರೋಗ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ.

ವಿಮೆ ತೆಗೆದುಕೊಳ್ಳುವಾಗ ಎರಡು ಸಾಲು ಹುಡುಕಿ. ದೈಹಿಕ ಕೆಲಸ ಮಾಡುವಾಗಿನ ಗಾಯಕ್ಕೆ ಹಣ ಕೊಡುತ್ತಾರಾ, ತುರ್ತಿನಲ್ಲಿ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯಾ. ಮೋಟಾರ್‌ಸೈಕಲ್ ಹಿಂದೆ ಕೂತಾಗಿನ ಅಪಘಾತವನ್ನು ಬಿಟ್ಟಿದ್ದಾರಾ ಅಂತಲೂ ನೋಡಿ. ಅಲ್ಲಿ ಬೋಡಾಬೋಡಾ, ಅಂದರೆ ಬಾಡಿಗೆ ಬೈಕು, ಏರದೆ ದಿನ ಕಳೆಯುವುದು ಕಷ್ಟ.

ಹಂತ 7: ಈಗ ಟಿಕೆಟ್

ಮಧ್ಯಾಹ್ನದೊಳಗೆ ಇಳಿಯುವ ವಿಮಾನ ಆರಿಸಿ, ತಾರೀಕು ಬದಲಿಸಲು ಆಗುವ ಟಿಕೆಟ್ ತೆಗೆದುಕೊಳ್ಳಿ. ವಾಪಸ್ ತಾರೀಕನ್ನು ಎಣಿಸುವಾಗ 90 ದಿನ ಬೇರೆ, ಮೂರು ತಿಂಗಳು ಬೇರೆ. ಜುಲೈ 1ರಿಂದ ಅಕ್ಟೋಬರ್ 1ಕ್ಕೆ 92 ದಿನ ಆಗುತ್ತದೆ. ಎರಡು ದಿನ ಜಾಸ್ತಿ ಇದ್ದರೂ ಅದು ತಪ್ಪೇ.

ಬ್ಯಾಗಿಗೆ: ಅಲ್ಲಿನ ಪ್ಲಗ್ ಮೂರು ಚೌಕ ಪಿನ್ನಿನದು, ನಮ್ಮದು ಹೋಗುವುದಿಲ್ಲ, ಅಡಾಪ್ಟರ್ ಬೇಕು. ಪ್ಲಾಸ್ಟಿಕ್ ಕವರುಗಳನ್ನು ಮನೆಯಲ್ಲೇ ಬಿಡಿ. ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ನಿಷೇಧ ಇದೆ. ಅಮ್ಮ ಚಟ್ನಿಪುಡಿ ಕಟ್ಟಿಕೊಡುವ ಆ ಕ್ಯಾರಿಬ್ಯಾಗೂ ಸೇರಿ. ಡಬ್ಬಿಗೆ ಹಾಕಿಸಿಕೊಳ್ಳಿ. ಡಾಲರ್ ನೋಟು ಹೊಸದಿರಲಿ, ಹಳೆ ಸರಣಿಯದ್ದು, ಮಡಚಿ ಹರಿದದ್ದು ಅಲ್ಲಿ ತೆಗೆದುಕೊಳ್ಳುವುದಿಲ್ಲ.

ಹಂತ 8: ಮೊದಲ ವಾರ

ಮೊದಲ ಎರಡು ರಾತ್ರಿ ನಿಮ್ಮ ದುಡ್ಡಿನಲ್ಲೇ ನಗರದಲ್ಲಿ ಕೋಣೆ ಮಾಡಿ. ಸಿಮ್ ತೆಗೆದುಕೊಳ್ಳಿ, ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಬೇಕು. ಕೀನ್ಯಾದಲ್ಲಾದರೆ ಅದರಲ್ಲೇ ಎಂ-ಪೆಸಾ ಮಾಡಿಸಿ. ನಮ್ಮ ಯುಪಿಐ ಹಾಗೆ ತರಕಾರಿ ಅಂಗಡಿಯಲ್ಲೂ ನಡೆಯುತ್ತದೆ. ಭಾರತದ ಹೈಕಮಿಷನ್ನಿನ ಫೋನ್ ನಂಬರನ್ನು ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಮನೆಯವರಿಗೆ ಹೋಸ್ಟ್ ವಿಳಾಸ ಕಳಿಸಿ.

ಗಡಿಯಾರದ ವಿಷಯ. ಸ್ವಾಹಿಲಿಯಲ್ಲಿ ಗಂಟೆ ಎಣಿಕೆ ಸೂರ್ಯೋದಯದಿಂದ ಶುರು. ಬೆಳಗಿನ ಏಳು ಅಂದರೆ "ಸಾ ಮೋಜಾ", ಒಂದು ಗಂಟೆ. ಎಂಟು ಅಂದರೆ "ಸಾ ಮ್ಬಿಲಿ", ಎರಡು ಗಂಟೆ. ನಾಳೆ ಎರಡಕ್ಕೆ ಗಾಡಿ ಸಂತೆಗೆ ಹೋಗುತ್ತೆ ಅಂತ ನನಗೆ ಹೇಳಿದ್ದರು. ನಾನು ಮಧ್ಯಾಹ್ನ ಊಟ ಮುಗಿಸಿ, ಚೀಲ ಹಿಡಿದು ಗೇಟಿನ ಹತ್ತಿರ ನಿಂತೆ. ಗಾಡಿ ಬಂತು, ಆದರೆ ಸಂತೆಯಿಂದ ವಾಪಸ್. ಟೊಮೆಟೊ ಇಳಿಸುತ್ತಿದ್ದ ಅಜ್ಜಿ "ಪೋಲೆ" ಅಂದರು. ನಮ್ಮ "ಅಯ್ಯೋ ಪಾಪ" ಇದ್ದ ಹಾಗೆ. ಅಂದಿನಿಂದ "ಬೆಳಿಗ್ಗೆಯಾ, ಮಧ್ಯಾಹ್ನವಾ?" ಅಂತ ಕೇಳದೆ ಯಾವ ಸಮಯವನ್ನೂ ಒಪ್ಪಿಲ್ಲ.

ಹಿರಿಯರಿಗೆ "ಶಿಕಮೂ" ಅನ್ನಿ, ಅವರು "ಮರಹಬಾ" ಅನ್ನುತ್ತಾರೆ. ಕೆಲಸದ ಮಾತಿಗೆ ಮೊದಲು ಮನೆಮಂದಿಯ ಕ್ಷೇಮ ಕೇಳಿ. ನೇರ ವಿಷಯಕ್ಕೆ ಬಂದರೆ ಒರಟು ಅನ್ನಿಸುತ್ತದೆ.

ಸಸ್ಯಾಹಾರಿಗಳು "ಮಾಂಸ ಬೇಡ" ಅಂದರೆ ಸಾಲದು, ಕೋಳಿ ಬಂದುಬಿಡುತ್ತದೆ. "ಸಿಲಿ ನ್ಯಾಮಾ, ಕುಕು, ವಾಲಾ ಸಮಾಕಿ" ಅಂತ ಮಾಂಸ, ಕೋಳಿ, ಮೀನು ಮೂರನ್ನೂ ಹೆಸರಿಸಿ. ಉಗಾಲಿ ಅಂದರೆ ಬಿಳಿ ಮೆಕ್ಕೆಜೋಳದ ಮುದ್ದೆ. ಅದನ್ನು ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಸೊಪ್ಪನ್ನು ಎತ್ತಿಕೊಂಡು ಅಗಿಯಬೇಕು. ರಾಗಿಮುದ್ದೆಯ ಹಾಗೆ ನುಂಗಲು ಹೋದರೆ ಗಂಟಲಲ್ಲಿ ಕೂರುತ್ತದೆ. ಬೆಳಿಗ್ಗೆ ಸಿಗುವ "ಉಜಿ ವಾ ವಿಂಬಿ" ಮಾತ್ರ ಅಪ್ಪಟ ರಾಗಿ ಗಂಜಿ. ಊರು ನೆನಪಾಗಿ ಕಣ್ಣು ಒದ್ದೆಯಾದರೆ ಒಲೆಯ ಇದ್ದಿಲಿನ ಹೊಗೆಯ ಮೇಲೆ ಹಾಕಿಬಿಡಿ.

ಹಂತ 9: ಅಲ್ಲಿದ್ದಾಗ ಕಣ್ಣಿಡಬೇಕಾದ್ದು

ಗಂಟೆ ಮೆಲ್ಲಗೆ ಏರುತ್ತದೆ. ಮೊದಲ ವಾರ ಐದು, ಮೂರನೇ ವಾರ ಏಳು, ಆಮೇಲೆ ರಜೆಯ ದಿನವೂ "ಒಂದು ಸ್ವಲ್ಪ ಬನ್ನಿ". ಪುಸ್ತಕದಲ್ಲಿ ದಿನಾ ಬರೆದಿಡಿ. ವಾರಕ್ಕೆ ಮೂವತ್ತು ದಾಟಿದರೆ ಆ ಪುಟ ತೋರಿಸಿ ಮಾತಾಡಿ. ಜಗಳ ಬೇಡ, ಲೆಕ್ಕ ಸಾಕು. ಎರಡನೇ ಸಲವೂ ಸರಿಯಾಗದಿದ್ದರೆ ಹೊರಡಿ.

ಪಾಸ್‌ಪೋರ್ಟನ್ನು "ಜೋಪಾನವಾಗಿ ಇಡ್ತೀವಿ" ಅಂತ ಕೇಳಿದರೆ ಕೊಡಬೇಡಿ. ಪರ್ಮಿಟ್ ಕೆಲಸಕ್ಕೆ ಕಚೇರಿಗೆ ಕೊಡಬೇಕಾಗಿ ಬಂದರೆ ನೀವೂ ಜೊತೆಗೆ ಹೋಗಿ, ರಸೀದಿ ತೆಗೆದುಕೊಳ್ಳಿ. ನೀವು ಬಂದ ಮೇಲೆ ಸಂಬಳಕ್ಕಿದ್ದ ಊರಿನ ಹುಡುಗನನ್ನು ತೆಗೆದುಹಾಕಿದರೆ, ಆ ಜಾಗದಲ್ಲಿ ನೀವು ಇರಬಾರದು. ಹೆಂಗಸರಿಗೆ ಒಂದು ಮಾತು: ಕೋಣೆಗೆ ಒಳಗಿನಿಂದ ಚಿಲಕ ಇಲ್ಲದಿದ್ದರೆ ಮೊದಲ ದಿನವೇ ಹಾಕಿಸಿ ಅನ್ನಿ, ಅಲ್ಲಿಯವರೆಗೆ ಲಾಡ್ಜಿನಲ್ಲೇ ಇರಿ.

ಹಂತ 10: ಹೊರಡುವಾಗ

ಹೋಸ್ಟ್‌ನಿಂದ ಕೆಲಸದ ಪತ್ರ ಹೊರಡುವ ವಾರವೇ ಬರೆಸಿಕೊಳ್ಳಿ, ಊರಿಗೆ ಬಂದ ಮೇಲೆ ಕೇಳಿದರೆ ತಿಂಗಳಾನುಗಟ್ಟಲೆ ಆಗುತ್ತದೆ. ಹಳದಿ ಕಾರ್ಡನ್ನು ದೊಡ್ಡ ಬ್ಯಾಗಿಗೆ ಹಾಕದೆ ಕೈಚೀಲದಲ್ಲಿಡಿ, ಬೆಂಗಳೂರಿನಲ್ಲಿ ಲಗೇಜ್ ಬರುವ ಮೊದಲೇ ಕೇಳುತ್ತಾರೆ. ವಾಪಸ್ ಬಂದು ವಾರವಾಗಲಿ, ಎರಡು ತಿಂಗಳಾಗಲಿ, ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತೇ "ನಾನು ಆಫ್ರಿಕಾದಿಂದ ಬಂದಿದ್ದೇನೆ, ಮಲೇರಿಯಾಕ್ಕೆ ಈಗಲೇ ರಕ್ತ ನೋಡಿ" ಅಂತಿರಲಿ. ಮೆಡಿಕಲ್ ಶಾಪಿನಲ್ಲಿ ಜ್ವರದ ಮಾತ್ರೆ ತೆಗೆದುಕೊಂಡು ಎರಡು ದಿನ ನೋಡೋಣ ಅಂತ ಕೂರಬೇಡಿ.